ಹಳೆ ಅಚ್ಚು, ಹೊಸ ನಾಣ್ಯ: ನಮ್ಮ ಸೀಮೆಯ ಯಾವ ಕಾಸು ಮತ್ತೆ ಟಂಕಸಾಲೆಗೆ ಹೋಗಬೇಕು?

ಗೂಳೂರು ಮೇಷ್ಟ್ರು (ತುಮಕೂರು)

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಅಮೆರಿಕದಿಂದ ಬಂದ ತಂಗಿ ಮಗ ಒಂದು ಪುಟ್ಟ ಡಬ್ಬಿ ಕೈಗಿಟ್ಟು, "ಮಾವ, ಇದು ನಿಮಗೆ" ಅಂದ. ತೆರೆದರೆ 2021ರ ಮಾರ್ಗನ್ ಡಾಲರು. ಇದರ ಮೂಲ ಅಚ್ಚು 1878ರದ್ದು, ಜಾರ್ಜ್ ಮಾರ್ಗನ್ ಎಂಬ ಇಂಗ್ಲೆಂಡ್ ಮೂಲದ ಕೆತ್ತನೆಗಾರನ ಕೈಯದ್ದು. 1904ರವರೆಗೆ ಬಂತು, ಆಮೇಲೆ 1921ರಲ್ಲಿ ಒಂದು ವರ್ಷ ಬಂತು, ಅಲ್ಲಿಗೆ ನಿಂತುಹೋಯಿತು. ಸರಿಯಾಗಿ ನೂರು ವರ್ಷ ಆದಮೇಲೆ ಅಲ್ಲಿನ ಟಂಕಸಾಲೆಯವರು ಅದೇ ಮುಖವನ್ನು ಮತ್ತೆ ಒತ್ತಿದ್ದಾರೆ. ಹಳೆಯದರಲ್ಲಿ ನೂರಕ್ಕೆ 90 ಪಾಲು ಬೆಳ್ಳಿ, ಹೊಸದರಲ್ಲಿ 99.9. ಆ ಮುಖಕ್ಕೆ ಮಾದರಿಯಾಗಿ ಕೂತಿದ್ದ ಆನಾ ವಿಲೆಸ್ ವಿಲಿಯಮ್ಸ್ ಎಂಬಾಕೆ ಫಿಲಡೆಲ್ಫಿಯಾದಲ್ಲಿ ಶಾಲಾ ಶಿಕ್ಷಕಿಯಾಗಿದ್ದರಂತೆ. ಬದುಕೆಲ್ಲ ಸೀಮೆಸುಣ್ಣ ಹಿಡಿದವನಿಗೆ ಅದು ಗೊತ್ತಾಗಿ ಬಹಳ ಖುಷಿಯಾಯಿತು.

ರಾತ್ರಿ ಊಟ ಮುಗಿಸಿ ಅದನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ನಮ್ಮಜ್ಜಿಯ ಎಲೆಅಡಿಕೆ ಸಂಚಿಯಲ್ಲಿ ಸಿಕ್ಕಿದ್ದ ಎರಡು ನಾಣ್ಯ ಇಟ್ಟೆ. ಒಂದು, ಐದನೇ ಜಾರ್ಜ್ ತಲೆಯ 1918ರ ಬೆಳ್ಳಿ ರೂಪಾಯಿ. ಇನ್ನೊಂದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಮಯಿಲಿ ಕಾಸು. ಕಾಸಿನ ಅಂಚು ಪೂರ್ತಿ ದುಂಡಗಿಲ್ಲ, ಒಂದು ಕಡೆ ಉಗುರಗಲ ಚಪ್ಪಟೆ. ಆನೆಯ ಬೆನ್ನು ಸವೆದು ನುಣ್ಣಗಾಗಿದೆ, ಸೊಂಡಿಲು ಮಾತ್ರ ಬೆರಳಿಗೆ ಇನ್ನೂ ತಾಗುತ್ತದೆ. ಮೇಲೆ ಸೂರ್ಯ, ಚಂದ್ರ, ನಡುವೆ "ಶ್ರೀ". ಹಿಂದೆ ತಿರುಗಿಸಿದರೆ ಕನ್ನಡದಲ್ಲಿ "ಮಯಿಲಿ ಕಾಸು", ಕನ್ನಡದ್ದೇ ಅಂಕಿಯಲ್ಲಿ ೨೦. ಇಪ್ಪತ್ತು ಕ್ಯಾಶ್ ಎಂದು ಇಂಗ್ಲಿಷಿನಲ್ಲೂ ಇದೆ.

ಡಾಲರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆದರೆ ನನ್ನ ಕಣ್ಣು ಮತ್ತೆ ಮತ್ತೆ ಕಾಸಿನ ಕಡೆಗೇ ಹೋಗುತ್ತಿತ್ತು. ಅವರು ತಮ್ಮ ಹಳೆ ಅಚ್ಚನ್ನು ನೂರು ವರ್ಷದ ಮೇಲೆ ಎತ್ತಿ ಒತ್ತಿದರು. ನಮ್ಮ ಆನೆಯನ್ನು ಯಾರಾದರೂ ಹಾಗೆ ಎತ್ತುತ್ತಾರೆಯೇ? ಎತ್ತಿದರೂ ಅದರ ಜೊತೆ ಈ ಕನ್ನಡ ಅಕ್ಷರ ಬರುತ್ತದೆಯೇ? ಅದಕ್ಕೂ ಮೊದಲು ಇನ್ನೊಂದು ಮಾತು. ಹೀಗೆ ಹಳೆಯದನ್ನು ಮತ್ತೆ ಮಾಡುವುದು ಗೌರವವೋ, ಬರೀ ನಕಲೋ? ಬಲ್ಲವರು ಹೇಳಿ.

ಕೋಲಾರದ ಒರೆಗಲ್ಲು

ಮೇಷ್ಟ್ರೇ, ನಾನು ಚಿನ್ನದ ಕೆಲಸದವನು. ಮನಸ್ಸಲ್ಲಿರೋದು ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ನಮ್ಮಂಗಡಿಗೆ ಬರೋ ಹೆಣ್ಣುಮಕ್ಕಳು ಇವತ್ತಿಗೂ "ಎರಡು ಸವರನ್‌ನಲ್ಲಿ ಬಳೆ ಮಾಡಿಕೊಡಿ" ಅಂತಾರೆ. ಸವರನ್ ಅಂದ್ರೆ 8 ಗ್ರಾಂ ಅಂತ ಎಲ್ಲರಿಗೂ ಗೊತ್ತು, ಅದೊಂದು ನಾಣ್ಯದ ಹೆಸರು ಅನ್ನೋದು ಮರೆತುಹೋಗಿದೆ. ಆ ಇಂಗ್ಲಿಷ್ ಪವನಿನ ತೂಕ 7.98 ಗ್ರಾಂ, 22 ಕ್ಯಾರೆಟ್. ಕುದುರೆ ಮೇಲೆ ಕೂತ ಸಂತ ಜಾರ್ಜ್ ಸರ್ಪವನ್ನು ತಿವಿಯೋ ಚಿತ್ರ 1817ರಲ್ಲಿ ಪಿಸ್ಟ್ರುಚ್ಚಿ ಅನ್ನೋ ಇಟಲಿಯವನು ಕೆತ್ತಿದ್ದು. 1918ರಲ್ಲಿ ಬೊಂಬಾಯಿಯಲ್ಲೂ ಅದನ್ನು ಒತ್ತಿದ್ರು, ಗುರುತಿಗೆ ಇಂಡಿಯಾದ ಮೊದಲ ಅಕ್ಷರ ಹಾಕಿದ್ರು. ಇತ್ತೀಚೆಗೆ 2013ರಿಂದ ಬ್ರಿಟನ್ ಟಂಕಸಾಲೆ ಪರವಾನಗಿ ಮೇಲೆ ಅದೇ ಗುರುತು ಹಾಕಿ ನಮ್ಮ ದೇಶದಲ್ಲೇ ಮತ್ತೆ ಮಾಡಿದಾರೆ. 2017ಕ್ಕೆ ಇನ್ನೂರು ವರ್ಷ ತುಂಬಿದಾಗ ಪಿಸ್ಟ್ರುಚ್ಚಿಯ ಮೊದಲನೇ ವಿನ್ಯಾಸ, ಸುತ್ತ ಪಟ್ಟಿ ಇದ್ದದ್ದು, ಅದನ್ನೇ ವಾಪಸ್ ತಂದ್ರು.

ಇದನ್ನ ಯಾಕೆ ಹೇಳಿದೆ ಅಂದ್ರೆ, ಸವರನ್ ನಡುವೆ ನಿಂತರೂ ಅದರ ಬಳಕೆ ನಿಂತಿಲ್ಲ. ಕಾಸಿನ ಸರದಲ್ಲಿ, ಮದುವೆ ಲೆಕ್ಕದಲ್ಲಿ, ಜನರ ಬಾಯಲ್ಲಿ ಇದೆ. ಅದಕ್ಕೆ ಅದರ ಹೊಸ ಅಚ್ಚಿಗೆ ಅರ್ಥ ಉಂಟು. ಸತ್ತುಹೋದ ನಾಣ್ಯದ ಮುಖ ತಂದು ಬೆಳ್ಳಿ ಮೇಲೆ ಒತ್ತಿ ಮೂರು ಪಟ್ಟು ರೇಟು ಹಾಕೋದು ಬೇರೆ ವಿಷಯ. ಅಂಥ ನಾಣ್ಯ ಕೊಂಡವರು ಕಷ್ಟ ಬಂದಾಗ ನಮ್ಮ ಹತ್ರ ತರ್ತಾರೆ. ನಾವು ತೂಕಕ್ಕೆ, ಮಟ್ಟಕ್ಕೆ ದುಡ್ಡು ಕೊಡಬಹುದೇ ಹೊರತು ಚಿತ್ರಕ್ಕಲ್ಲ. ಅವರ ಮುಖ ಬಾಡೋದು ನೋಡಿ ನೋಡಿ ನನಗೆ ಈ ಅಭಿಪ್ರಾಯ ಬಂದಿದೆ.

ಉರಿಗಾಂ ಮೊಮ್ಮಗಳು (ಕೆಜಿಎಫ್)

ಮೇಷ್ಟ್ರೇ, ನಿಮ್ಮ ಮೇಜಿನ ಮೇಲೆ ಇರೋ ಡಾಲರಿಗೂ ನಿಮ್ಮಜ್ಜಿಯ ರೂಪಾಯಿಗೂ ನಂಟಿದೆ.

ಮೊದಲ ಮಹಾಯುದ್ಧದ ಕೊನೆಗೆ ಇಲ್ಲಿ ಬೆಳ್ಳಿಗೆ ಬರ ಬಂದಿತ್ತು. 1917ರ ಕೊನೆಯಲ್ಲಿ ಒಂದು ರೂಪಾಯಿ ನೋಟು ತಂದರೂ ಜನ ಕಾಗದ ನಂಬಲಿಲ್ಲ, ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳಿದರು. ಖಜಾನೆ ಬರಿದಾಗುತ್ತಾ ಬಂತು. ಆಗ ಬ್ರಿಟನ್ ಅಮೆರಿಕದ ಮುಂದೆ ಕೈಚಾಚಿತು. 1918ರಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ, ಖಜಾನೆಯಲ್ಲಿ ಕೂತಿದ್ದ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿ, ಅದರ ಬಹುಪಾಲನ್ನು ಔನ್ಸಿಗೆ ಒಂದು ಡಾಲರಿನಂತೆ ಬ್ರಿಟನ್‌ಗೆ ಮಾರಿತು. ಆ ಬೆಳ್ಳಿ ಬಂದದ್ದು ನಮ್ಮ ದೇಶಕ್ಕೆ, ರೂಪಾಯಿ ಮಾಡೋದಕ್ಕೆ. ಕರಗಿದ ಡಾಲರುಗಳಲ್ಲಿ ಹೆಚ್ಚಿನವು ಇದೇ ಮಾರ್ಗನ್ ಡಾಲರು.

ಇನ್ನೂ ಇದೆ. ಕರಗಿಸಿದಷ್ಟು ನಾಣ್ಯವನ್ನು ಅಮೆರಿಕದ ಬೆಳ್ಳಿಯಿಂದ ಮತ್ತೆ ಒತ್ತಬೇಕು ಅಂತ ಆ ಕಾಯ್ದೆಯಲ್ಲೇ ಇತ್ತು. 1904ಕ್ಕೆ ನಿಂತಿದ್ದ ಮಾರ್ಗನ್ ಡಾಲರು 1921ರಲ್ಲಿ ಮತ್ತೆ ಹುಟ್ಟಿದ್ದು ಅದಕ್ಕೇ. ಅದರ ನೂರನೇ ವರ್ಷದ ನೆನಪಿಗೆ ಒತ್ತಿದ ನಾಣ್ಯ ಈಗ ಗೂಳೂರಿಗೆ ಬಂದಿದೆ. ನಮ್ಮ ಹಳ್ಳಿಗಳ ಜನ 1918ರಲ್ಲಿ "ಕಾಗದ ಬೇಡ, ಬೆಳ್ಳಿ ಕೊಡಿ" ಅಂತ ಹಟ ಹಿಡಿಯದಿದ್ದರೆ ನಿಮ್ಮ ಅಳಿಯನ ಕೈಲಿ ಈ ಡಬ್ಬಿ ಇರುತ್ತಿರಲಿಲ್ಲ.

ಒರೆಗಲ್ಲು ಅಣ್ಣ, ಸತ್ತ ನಾಣ್ಯ ಅಂದಿರಲ್ಲ, ಅದು ಕರಗಿ ನಮ್ಮ ಅಜ್ಜಿಯರ ಸೆರಗಿನ ಗಂಟಿಗೆ ಬಂದು ಬದುಕಿತ್ತು. ಹಳೆ ಅಚ್ಚು ಮತ್ತೆ ಬಂದಾಗ ಅದರ ಹಿಂದಿನ ಕಥೆಯೂ ಎದ್ದು ಬರಬೇಕು. ಡಬ್ಬಿಯ ಜೊತೆ ಇರೋ ಕಾಗದದಲ್ಲಿ ಈ ಕಥೆ ಒಂದು ಸಾಲು ಇದೆಯಾ, ನೋಡಿ ಹೇಳಿ.

ಗೂಳೂರು ಮೇಷ್ಟ್ರು (ತುಮಕೂರು)

ನೋಡಿದೆ ಕಣಮ್ಮ. ಇಂಡಿಯಾದ ಹೆಸರೇ ಇಲ್ಲ. ನೀವು ಬರೆದದ್ದನ್ನು ಓದಿ ಆ ರೂಪಾಯಿಯನ್ನು ಮತ್ತೆ ಕೈಯಲ್ಲಿ ಹಿಡಿದು ಕೂತೆ. ಅರವತ್ತು ವರ್ಷದಿಂದ ನೋಡುತ್ತಿರುವ ನಾಣ್ಯ, ಮೊದಲ ಸಲ ನೋಡಿದ ಹಾಗಾಯಿತು.

ಬೂದಿಕೋಟೆ ಹುಡುಗ

ನಮ್ಮೂರು ಹೈದರಾಲಿ ಹುಟ್ಟಿದ ಊರು. ಅವರ ತಂದೆ ಫತೇ ಮಹಮದ್ ಅವರ ಗೋರಿ ಕೋಲಾರದಲ್ಲಿದೆ. ಆದ್ದರಿಂದ ನಕಲೋ ಗೌರವವೋ ಅನ್ನೋ ಪ್ರಶ್ನೆಗೆ ನಮ್ಮೂರಿನ ಕಡೆಯಿಂದ ಉತ್ತರ ಹೇಳಲೇಬೇಕು.

ವಿಜಯನಗರದ ಎರಡನೇ ಹರಿಹರ, ದೇವರಾಯರ ಕಾಲದ ಚಿನ್ನದ ನಾಣ್ಯದಲ್ಲಿ ಉಮಾಮಹೇಶ್ವರರು ಕೂತಿದ್ದಾರೆ. ವಿಜಯನಗರ ಕುಗ್ಗಿದ ಮೇಲೆ ಕೆಳದಿಯ ನಾಯಕರು ಅದೇ ಶಿವ ಪಾರ್ವತಿಯರನ್ನು ಇಟ್ಟುಕೊಂಡು ಹಿಂದಿನ ಬದಿಗೆ "ಶ್ರೀ ಸದಾಶಿವ" ಎಂದು ಬರೆಸಿದರು. ಇಕ್ಕೇರಿ ವರಹ ಅಂತ ಊರೂರು ನಡೆಯಿತು. 1763ರಲ್ಲಿ ಹೈದರ್ ಆ ನಾಯಕರ ರಾಜಧಾನಿ ಬಿದನೂರು ಗೆದ್ದರು. ಗೆದ್ದವರು ಏನು ಮಾಡಬಹುದಿತ್ತು? ಆ ಅಚ್ಚನ್ನೇ ಒಡೆದು ಹಾಕಬಹುದಿತ್ತು. ಹೈದರ್ ಶಿವ ಪಾರ್ವತಿಯರನ್ನು ಹಾಗೇ ಉಳಿಸಿದರು. ಹಿಂದಿನ ಬದಿಯಲ್ಲಿ, ಸಾಸಿವೆ ಚೆಲ್ಲಿದಂಥ ಚುಕ್ಕೆಗಳ ನಡುವೆ, ತಮ್ಮ ಹೆಸರಿನ ಮೊದಲ ಪಾರ್ಸಿ ಅಕ್ಷರ ಒಂದನ್ನೇ ಹಾಕಿಸಿದರು. 1799ರ ನಂತರ ಮುಮ್ಮಡಿ ಕೃಷ್ಣರಾಜರು ಬಂದರು. ಅವರ ವರಹದಲ್ಲೂ ಶಿವ ಪಾರ್ವತಿಯರೇ, ಹಿಂದೆ ನಾಗರಿಯಲ್ಲಿ "ಶ್ರೀ ಕೃಷ್ಣರಾಜ".

ನಾಲ್ಕು ಮನೆತನ, ನಾನೂರು ವರ್ಷ, ಒಂದೇ ಚಿತ್ರ. ಪ್ರತಿಯೊಬ್ಬರೂ ಹಿಂದಿನವರ ಮುಖ ಉಳಿಸಿ, ಬೆನ್ನಿಗೆ ತಮ್ಮ ಸಹಿ ಹಾಕಿದರು. ಇದನ್ನು ನಕಲು ಅನ್ನೋಕೆ ಆಗುತ್ತಾ? ಹಳೆ ವಿನ್ಯಾಸಕ್ಕೆ ಹೊಸ ಅರ್ಥ ಕೊಡೋದು ಅಮೆರಿಕದವರಿಂದ ನಾವು ಕಲಿಯಬೇಕಾದ ವಿದ್ಯೆ ಅಲ್ಲ ಸಾರ್. ಮರೆತಿದ್ದೀವಿ ಅಷ್ಟೇ.

ಹೈದರ್ ವರಹದ ಫೋಟೋ ನಮ್ಮ ತಾತನಿಗೆ ತೋರಿಸಿದ್ದೆ. ಅವರಿಗೆ ಓದು ಬರಲ್ಲ. ಶಿವ ಪಾರ್ವತಿಯರ ಮೇಲೆ ಬೆರಳಿಟ್ಟು, "ಇವರನ್ನ ಯಾಕೆ ತೆಗೀಲಿಲ್ಲ ಗೊತ್ತಾ? ಸಂತೆಯಲ್ಲಿ ಜನ ಇವರನ್ನ ನೋಡಿ ದುಡ್ಡು ತಗೋತಿದ್ರು" ಅಂದರು. ಅದು ನಿಜ. ವ್ಯಾಪಾರದ ಜಾಣತನವೂ ಇತ್ತು. ಅದರಿಂದ ಗೌರವ ಕಡಿಮೆಯಾಗಲ್ಲ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ತಮ್ಮಾ, ನಿನ್ನ ತಾತನ ಮಾತು ಬರೆದಿಟ್ಟುಕೊಂಡೆ.

ನಾನು ಚಿತ್ರಕಲಾ ಶಿಕ್ಷಕಿ. ಹಳೆ ಚಿತ್ರವನ್ನು ಮತ್ತೆ ಬರೆಯುವುದು ಮಕ್ಕಳಿಗೆ ದಿನಾ ಹೇಳಿಕೊಡುವ ಕೆಲಸ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಹಳೆ ಅಚ್ಚನ್ನು ಯಥಾವತ್ ಎತ್ತಿ ಇಸವಿ ಬದಲಾಯಿಸಿದರೆ ಅದು ಮರುಮುದ್ರಣ. ಮಾರ್ಗನ್ ಡಾಲರು ಬಹುಮಟ್ಟಿಗೆ ಹಾಗೆ. ಹಳೆಯ ಕಲಾವಿದ ಆಸೆಪಟ್ಟು ಆಗದೆ ಹೋದದ್ದನ್ನು ಇಂದಿನ ಯಂತ್ರದಿಂದ ಪೂರೈಸುವುದು ಅದಕ್ಕಿಂತ ದೊಡ್ಡ ಕೆಲಸ. ಆಗಸ್ಟಸ್ ಸೇಂಟ್ ಗಾಡೆನ್ಸ್ ಎಂಬ ಶಿಲ್ಪಿ 1907ರಲ್ಲಿ ಅಮೆರಿಕಕ್ಕೆ 20 ಡಾಲರಿನ ಚಿನ್ನದ ನಾಣ್ಯ ಮಾಡಿಕೊಟ್ಟ. ಪ್ರಾಚೀನ ಗ್ರೀಕ್ ನಾಣ್ಯದ ಹಾಗೆ ಉಬ್ಬು ಎತ್ತರವಾಗಿರಬೇಕು ಅಂತ ಅವನಿಗೂ ಅಧ್ಯಕ್ಷ ರೂಸ್‌ವೆಲ್ಟ್‌ಗೂ ಆಸೆ. ಆದರೆ ಅಷ್ಟು ಎತ್ತರದ ಉಬ್ಬು ಮೂಡಬೇಕಾದರೆ ಒಂದೇ ನಾಣ್ಯವನ್ನು ಮತ್ತೆ ಮತ್ತೆ ಒತ್ತಬೇಕಿತ್ತು. ದಿನಬಳಕೆಗೆ ಅದು ಆಗುವ ಮಾತಲ್ಲ. ಉಬ್ಬು ತಗ್ಗಿಸಿಬಿಟ್ಟರು. ಶಿಲ್ಪಿ ಅದೇ ವರ್ಷ ತೀರಿಕೊಂಡ. 2009ರಲ್ಲಿ ಅವನ ಮೂಲ ಅಚ್ಚನ್ನು ಗಣಕಯಂತ್ರಕ್ಕೆ ಏರಿಸಿ, ಅವನು ಬಯಸಿದ ಎತ್ತರದಲ್ಲೇ 27 ಮಿಲಿಮೀಟರ್ ಅಗಲದ ಒಂದು ಔನ್ಸ್ ಚಿನ್ನದ ನಾಣ್ಯ ಮಾಡಿದರು. ಸುತ್ತಲಿದ್ದ 46 ನಕ್ಷತ್ರವನ್ನು ಈಗಿನ ರಾಜ್ಯಗಳ ಲೆಕ್ಕಕ್ಕೆ 50 ಮಾಡಿದರು. ಅಷ್ಟೇ ಬದಲಾವಣೆಯಲ್ಲಿ ನೂರು ವರ್ಷದ ಇತಿಹಾಸ ಬಂತು ನೋಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಐರ್ಲೆಂಡಿನ ದಾರಿ. 1926ರಲ್ಲಿ ಕವಿ ಯೇಟ್ಸ್ ಅಧ್ಯಕ್ಷತೆಯ ಸಮಿತಿ ಹೊಸ ದೇಶದ ನಾಣ್ಯಕ್ಕಾಗಿ ಕಲಾವಿದರಿಗೆ ಗ್ರೀಕ್ ನಾಣ್ಯಗಳ ಚಿತ್ರ ಕಳಿಸಿ, "ಇದರ ಸತ್ವ ನೋಡಿ, ನಿಮ್ಮದನ್ನು ಮಾಡಿ" ಎಂಬ ಅರ್ಥದಲ್ಲಿ ಕೇಳಿಕೊಂಡಿತು. 1928ರಲ್ಲಿ ಬಂದ ನಾಣ್ಯಗಳಲ್ಲಿ ಕುದುರೆ, ಗೂಳಿ, ಸಾಲ್ಮನ್ ಮೀನು, ಕೋಳಿ ಮತ್ತು ಮರಿಗಳು. ಗ್ರೀಕರ ಶಿಸ್ತು, ಐರ್ಲೆಂಡಿನ ಹಟ್ಟಿ. ಗ್ರೀಸ್ ದೇಶದವರದ್ದು ಇನ್ನೊಂದು ಬಗೆ. ತಮ್ಮ 1 ಯೂರೋ ನಾಣ್ಯದ ಮೇಲೆ ಪ್ರಾಚೀನ ಅಥೆನ್ಸಿನ ಗೂಬೆಯ ನಾಣ್ಯವನ್ನೇ ಇಟ್ಟಿದ್ದಾರೆ. ಅದು ಡಬ್ಬಿಯಲ್ಲಿ ಕೂರುವ ಸ್ಮರಣಾರ್ಥ ನಾಣ್ಯವಲ್ಲ. ತರಕಾರಿ ಕೊಂಡು ಚಿಲ್ಲರೆ ತೆಗೆದುಕೊಂಡರೂ ಕೈಗೆ ಬರುತ್ತದೆ.

ನಮ್ಮಲ್ಲೂ ಒಂದು ಉದಾಹರಣೆ ಎಲ್ಲರ ಜೇಬಿನಲ್ಲಿದೆ. ನೋಟಿನ ಮೇಲಿರುವ ರಿಸರ್ವ್ ಬ್ಯಾಂಕಿನ ಮುದ್ರೆ, ಹುಲಿ ಮತ್ತು ತಾಳೆಮರ. ಅದು ಈಸ್ಟ್ ಇಂಡಿಯಾ ಕಂಪನಿಯ ಜೋಡಿ ಮೊಹರು ಎಂಬ ಚಿನ್ನದ ನಾಣ್ಯದ ಸಿಂಹ ಮತ್ತು ತಾಳೆಮರದಿಂದ ಬಂದದ್ದು. ಸಿಂಹ ಹೋಗಿ ಹುಲಿ ಬಂತು. ಮೊದಲು ಬರೆದ ಹುಲಿ ಸರಿಯಿಲ್ಲವೆಂದು ಕಲ್ಕತ್ತೆಯ ಬೆಲ್ವೆಡೀರ್ ಬಂಗಲೆಯ ಬಾಗಿಲಿನ ಹುಲಿ ಪ್ರತಿಮೆಯನ್ನು ನೋಡಿ ತಿದ್ದಿಸಲು ಹೊರಟಿದ್ದರಂತೆ. ಪ್ರಾಣಿ ಬರೆಯುವುದು ಅಷ್ಟು ಸುಲಭವಲ್ಲ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿದ್ದ ಪುಟ್ಟ ಆನೆ ಹಂದಿಯಂತೆ ಕಾಣುತ್ತದೆ ಎಂದು ಜನ ಸಿಟ್ಟಾದರು. ಮುಂದಿನ ವರ್ಷ ಸೊಂಡಿಲು ಸ್ಪಷ್ಟ ಮಾಡಿ ಹೊಸ ಅಚ್ಚು ಕೊರೆದರು. ಮೇಷ್ಟ್ರ 1918ರ ರೂಪಾಯಿಯಲ್ಲಿ ಇರುವುದು ತಿದ್ದಿದ ಆನೆ.

ಶಿಡ್ಲಘಟ್ಟ ನೂಲು

ಎಲ್ಲ ಓದ್ತಾ ಇದ್ದೆ. ಕೊನೆಗೆ ನನ್ನದೂ ಬರೀಬೇಕು ಅನ್ನಿಸ್ತು. ಎರಡು ವರ್ಷದ ಹಿಂದೆ ಅಪ್ಪನ ಷಷ್ಟಿಪೂರ್ತಿಗೆ ಏನಾದರೂ ಅಪರೂಪದ್ದು ಕೊಡಬೇಕು ಅಂತ ಒಂದು ಜಾತ್ರೆಯಲ್ಲಿ ನಾಣ್ಯ ಮಾರೋರ ಹತ್ತಿರ ಹೋದೆ. ರಾಮ ಪಟ್ಟಾಭಿಷೇಕದ ನಾಣ್ಯ, ಹಿಂದೆ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818 ಅಂತ ಇತ್ತು. "ಇನ್ನೂರು ವರ್ಷದ್ದು, ದೇವರ ಮನೇಲಿಟ್ಟರೆ ಒಳ್ಳೇದು" ಅಂದರು. ಆರು ಸಾವಿರ ಕೊಟ್ಟೆ. ಗೂಡಿನ ದುಡ್ಡು ಅದು, ನಾಲ್ಕು ವಾರ ಹುಳಕ್ಕೆ ಸೊಪ್ಪು ಹಾಕಿ ಸಂಪಾದಿಸಿದ್ದು. ಅಪ್ಪ ಈಗಲೂ ಪ್ರತಿ ಶನಿವಾರ ಅದಕ್ಕೆ ಕುಂಕುಮ ಇಡ್ತಾರೆ. ಆಮೇಲೆ ಒಬ್ಬರು ನೋಡಿ ಸುಳ್ಳು ನಾಣ್ಯ ಅಂದರು. ಅಪ್ಪನಿಗೆ ಇವತ್ತಿನವರೆಗೂ ಹೇಳಿಲ್ಲ.

ಕೋಲಾರದ ಒರೆಗಲ್ಲು

ತಾಯಿ, ನಿಮ್ಮ ತಪ್ಪೇನಿಲ್ಲ. ಇಂಥವು ಜಾತ್ರೆ ಜಾತ್ರೆಯಲ್ಲಿ ಮೂಟೆಗಟ್ಟಲೆ ಬರ್ತವೆ. ಕಂಪನಿಯವರು ಅಂಥ ಅರ್ಧ ಆಣೆ ಯಾವತ್ತೂ ಒತ್ತಲಿಲ್ಲ. ಕಂಪನಿಯ ಮದ್ರಾಸಿನ ವರಹಗಳಲ್ಲಿ ವಿಷ್ಣು ಇದ್ದಾನೆ, ಗೋಪುರ ಇದೆ, ಅದು ಸರಿ. ಆದರೆ 1818 ಅಂತ ಹಾಕಿದ ರಾಮಪಟ್ಟಾಭಿಷೇಕದ್ದು ಕಟ್ಟುಕಥೆ. ಅಕ್ಕಿ ಎಳೆಯುತ್ತೆ, ಕೋಟಿಗೆ ಹೋಗುತ್ತೆ ಅಂತ ರೈಸ್ ಪುಲ್ಲಿಂಗ್ ಹೆಸರಲ್ಲಿ ಮನೆ ಮಠ ಕಳಕೊಂಡವರನ್ನೂ ಕಂಡಿದ್ದೀನಿ. ಅಂಥವರು ಬಂದರೆ ಸೀದಾ ಪೊಲೀಸ್ ಸ್ಟೇಷನ್‌ಗೆ ಹೋಗಿ.

ಒಂದು ಮಾತು ಮಾತ್ರ ನಿಜ. ದೇವಸ್ಥಾನಗಳಲ್ಲಿ ರಾಮಟಂಕ ಅಂತ ಭಕ್ತರು ಇಟ್ಟುಕೊಳ್ಳೋ ಬಿಲ್ಲೆ ಬಹಳ ಹಳೇ ಸಂಪ್ರದಾಯ. ಅದು ಯಾವತ್ತೂ ದುಡ್ಡು ಅಂತ ಹೇಳಿಕೊಳ್ಳಲಿಲ್ಲ, ಪೂಜೆಗೇ ಇದ್ದದ್ದು. ನಿಮ್ಮಪ್ಪ ಕುಂಕುಮ ಇಡೋದರಲ್ಲಿ ಸುಳ್ಳಿಲ್ಲ. ಸುಳ್ಳು ಇರೋದು ಅದರ ಮೇಲಿನ ಇಸವಿಯಲ್ಲಿ.

ನಾನು ಮೊದಲು ಹೇಳಿದ ಮಾತನ್ನ ಈಗ ತಿದ್ದಿಕೊಳ್ತೀನಿ. ಹಳೇ ಮುಖದ ಮೇಲೆ ಇವತ್ತಿನ ಇಸವಿ, ಇವತ್ತಿನ ಟಂಕಸಾಲೆ ಗುರುತು ಹಾಕಿದರೆ ಮೋಸ ಇಲ್ಲ, ಮೆಚ್ಚಬೇಕಾದ್ದೇ. ಹಳೇ ಇಸವಿ ಹಾಕಿದರೆ ಮೋಸ. ಅಮೆರಿಕದಲ್ಲಿ 1973ರಿಂದ ಕಾನೂನು ಇದೆ, ನಕಲು ನಾಣ್ಯದ ಮೇಲೆ ನಕಲು ಅಂತ ಒತ್ತಲೇಬೇಕು. ನಮ್ಮ ಜಾತ್ರೆಗಳಲ್ಲೂ ಅಂಥದ್ದು ಇದ್ದಿದ್ದರೆ ನಿಮ್ಮ ಆರು ಸಾವಿರ ಉಳೀತಿತ್ತು.

ಮಧುಗಿರಿ ಬೆಟ್ಟ

ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತನಾದವನು. ನಮ್ಮ ಸರ್ಕಾರದ ನಾಣ್ಯಗಳ ಬಗ್ಗೆ ಯಾರೂ ಬರೆಯಲಿಲ್ಲ, ಅದನ್ನು ಸೇರಿಸುತ್ತೇನೆ.

ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ 1964ರಲ್ಲಿ ನೆಹರೂ ಅವರದ್ದು. ಈಗ 2011ರ ನಾಣ್ಯ ಕಾಯ್ದೆಯ ಪ್ರಕಾರ 1000 ರೂಪಾಯಿ ಮುಖಬೆಲೆಯವರೆಗೆ ನಾಣ್ಯ ತರಬಹುದು. ಹಣಕಾಸು ಸಚಿವಾಲಯದ ಗೆಜೆಟ್ ಅಧಿಸೂಚನೆ ಬರುತ್ತದೆ, ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ ಟಂಕಸಾಲೆಗಳಲ್ಲಿ ತಯಾರಾಗುತ್ತವೆ. ದೊಡ್ಡ ಮುಖಬೆಲೆಯವು ಬ್ಯಾಂಕ್ ಕೌಂಟರಿಗೆ ಬರುವುದಿಲ್ಲ, ಟಂಕಸಾಲೆಯಿಂದ ಮುಂಗಡ ಕಾಯ್ದಿರಿಸಿ ಕೊಳ್ಳಬೇಕು. 2023ರಲ್ಲಿ ಹೊಸ ಸಂಸತ್ ಭವನಕ್ಕೆಂದು ಬಂದ 75 ರೂಪಾಯಿಯ ನಾಣ್ಯ 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ, ಅರ್ಧ ಪಾಲು ಬೆಳ್ಳಿ, ಅಂಚಿನಲ್ಲಿ 200 ಹಲ್ಲು. ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷ ತುಂಬಿದ್ದಕ್ಕೆ 1000 ರೂಪಾಯಿಯ ನಾಣ್ಯ ಬಂತು. ನಮ್ಮವರಲ್ಲಿ ಬಸವಣ್ಣನವರಿಗೆ 2006ರಲ್ಲಿ 5 ರೂಪಾಯಿ ನಾಣ್ಯ ಬಂದಿತ್ತು. ಅದು ಕೌಂಟರಿನಲ್ಲಿ ಬಂದಾಗಲೆಲ್ಲ ನನ್ನ ಜೇಬಿನಿಂದ ಐದು ರೂಪಾಯಿ ಹಾಕಿ ಎತ್ತಿಟ್ಟುಕೊಳ್ಳುತ್ತಿದ್ದೆ, ಮನೆಯಲ್ಲಿ ಒಂದು ಡಬ್ಬಿ ಇದೆ.

ಎಲ್ಲವೂ ಗೌರವದ್ದೇ. ಆದರೆ ಗಮನಿಸಿ, ಭಾವಚಿತ್ರ, ಕಟ್ಟಡ, ಲಾಂಛನ ಇವೇ ಹೆಚ್ಚು. ನಮ್ಮದೇ ಹಳೆ ನಾಣ್ಯವೊಂದರ ಅಚ್ಚನ್ನು ಎದುರಿಗಿಟ್ಟುಕೊಂಡು ಕಲಾವಿದ ಹೊಸದಾಗಿ ಕೊರೆದ ನಾಣ್ಯ ನನ್ನ ಮೂವತ್ತು ವರ್ಷದ ಕೌಂಟರಿನಲ್ಲಿ ಒಂದೂ ಬರಲಿಲ್ಲ.

ಮೇಷ್ಟ್ರು ಕೇಳಿದ ಅಕ್ಷರದ ವಿಷಯ. ನಮ್ಮ ನಾಣ್ಯಗಳಲ್ಲಿ ದೇವನಾಗರಿ ಮತ್ತು ಇಂಗ್ಲಿಷ್ ಮಾತ್ರ ಇರುತ್ತವೆ ಎಂದು ಅನೇಕರು ಕೈಚೆಲ್ಲುತ್ತಾರೆ. ಹಾಗೇನಿಲ್ಲ. 2009ರಲ್ಲಿ ಬಂದ ಅಣ್ಣಾದೊರೈ ಶತಮಾನೋತ್ಸವದ ನಾಣ್ಯದಲ್ಲಿ ಅವರ ತಮಿಳು ಸಹಿ ಇದೆ. 2024ರ ಕರುಣಾನಿಧಿ ಅವರ 100 ರೂಪಾಯಿ ನಾಣ್ಯದಲ್ಲಿ "ತಮಿಳು ವೆಲ್ಲುಂ" ಎಂದು ತಮಿಳು ಲಿಪಿಯಲ್ಲೇ ಇದೆ. ಅವರು ಕೇಳಿದರು, ಬಂತು. ಕನ್ನಡಕ್ಕೂ ಬಾಗಿಲು ತೆರೆದೇ ಇದೆ, ತಟ್ಟುವವರು ಬೇಕು.

ಆವಣಿ ದಾರಿ (ಮುಳಬಾಗಿಲು)

ಬೆಟ್ಟ ಸಾರ್ ಹೇಳಿದ್ದು ಕೇಳಿ ಮೈ ಜುಮ್ಮಂತು. ಹಾಗಾದ್ರೆ ನನ್ನ ಓಟು ಹೊಯ್ಸಳ ನಾಣ್ಯಕ್ಕೆ.

ವಿಷ್ಣುವರ್ಧನನ ಚಿನ್ನದ ಗದ್ಯಾಣದಲ್ಲಿ ಒಂದು ಕಡೆ ಸಿಂಹ, ಇನ್ನೊಂದು ಕಡೆ ಮೂರು ಸಾಲು ಕನ್ನಡ. 1116ರ ಸುಮಾರಿಗೆ ತಲಕಾಡು ಗೆದ್ದದ್ದಕ್ಕೆ "ಶ್ರೀ ತಳಕಾಡುಗೊಂಡ" ಅಂತ ಒಂದು ಬಗೆ. ಇನ್ನೊಂದು ಬಗೆಯಲ್ಲಿ "ಶ್ರೀ ನೊಣಂಬವಾಡಿಗೊಂಡ". ನೊಣಂಬವಾಡಿ ಅಂದ್ರೆ ಯಾವುದು? ಶಿರಾ ಕಡೆಯಿಂದ ಹಿಡಿದು ನಮ್ಮ ಆವಣಿವರೆಗೆ ಹಬ್ಬಿದ್ದ ನೊಳಂಬರ ನಾಡು. ಆವಣಿಯ ರಾಮಲಿಂಗೇಶ್ವರನ ಗುಡಿಗಳು ಆ ನೊಳಂಬರವೇ. ಅಂದ್ರೆ ತುಮಕೂರು, ಕೋಲಾರ ಎರಡೂ ಕಡೆಯ ನೆಲದ ಹೆಸರು ಎಂಟು, ಒಂಬೈನೂರು ವರ್ಷದ ಹಿಂದೆಯೇ ಚಿನ್ನದ ಮೇಲೆ ಕನ್ನಡದಲ್ಲಿ ಕೂತಿತ್ತು. ಗೆದ್ದವರ ನಾಣ್ಯ, ಸೋತವರ ಹೆಸರು, ಆದರೂ ನಮ್ಮದೇ ಹೆಸರು.

ನಮ್ಮೂರ ಕಡೆ ಹೊಲ ಉಳೋವಾಗ ಒಂದೊಂದು ಸಲ ಕಾಸು ಸಿಗುತ್ತೆ ಅಂತ ಸುದ್ದಿ. ಅಂಥವರಿಗೆ ಏನು ಹೇಳಬೇಕು ಸಾರ್?

ಮಧುಗಿರಿ ಬೆಟ್ಟ

ಜಿಲ್ಲಾಧಿಕಾರಿಗೆ ತಿಳಿಸಬೇಕು. ಅದಕ್ಕೆ ನಮ್ಮ ರಾಜ್ಯದ್ದೇ 1962ರ ನಿಧಿ ಕಾಯ್ದೆ ಇದೆ. ತೊಳೆಯಲು ಹೋಗಬೇಡಿ, ಹುಣಸೆಹಣ್ಣು ಹಾಕಿ ಉಜ್ಜಲಂತೂ ಬೇಡವೇ ಬೇಡ. ಸಿಕ್ಕ ಜಾಗ, ಸಿಕ್ಕ ಆಳ ಬರೆದಿಡಿ.

ಶಿಡ್ಲಘಟ್ಟ ನೂಲು

ಒರೆಗಲ್ಲು ಅಣ್ಣನಿಗೆ ಧನ್ಯವಾದ. ಒಂದು ಸಂದೇಹ. ಉಮಾಮಹೇಶ್ವರ, ಬಾಲಕೃಷ್ಣ, ಹನುಮ ಇರೋ ಹಳೆ ನಾಣ್ಯವನ್ನ ಇವತ್ತಿನ ಸರ್ಕಾರ ಒತ್ತಿದರೆ ಯಾರಾದರೂ ಆಕ್ಷೇಪ ಎತ್ತೋದಿಲ್ವಾ?

ಮಧುಗಿರಿ ಬೆಟ್ಟ

ಎತ್ತಿದ್ದಾರೆ. ಬೃಹದೀಶ್ವರ ಮತ್ತು ವೈಷ್ಣೋದೇವಿ ನಾಣ್ಯಗಳನ್ನು ಹಿಂಪಡೆಯಬೇಕೆಂದು ಅರ್ಜಿ ಹಾಕಿದ್ದರು. 2018ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ವಜಾ ಮಾಡಿತು. ಕಾನೂನಿನ ತೊಡಕು ಇಲ್ಲ. ಆದರೂ ನನ್ನ ಮನಸ್ಸಿಗೆ, ಎಲ್ಲರೂ ತಮ್ಮದು ಅನ್ನುವ ಚಿತ್ರ ಇದ್ದರೆ ಲೇಸು.

ಬೂದಿಕೋಟೆ ಹುಡುಗ

ಸಾರ್, ಇದನ್ನು ನಾನು ಒಪ್ಪಲ್ಲ. ಹೈದರ್ ವರಹದ ಶಿವ ಪಾರ್ವತಿ ನಮ್ಮವರಲ್ಲ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಒಂದು ಮುಖದಲ್ಲಿ ಅವರು, ಇನ್ನೊಂದು ಮುಖದಲ್ಲಿ ಪಾರ್ಸಿ ಅಕ್ಷರ. ಇದಕ್ಕಿಂತ "ಎಲ್ಲರದ್ದು" ಅನ್ನೋ ನಾಣ್ಯ ಎಲ್ಲಿ ಸಿಗುತ್ತೆ? ಅದನ್ನೇ ಒತ್ತಬೇಕು, ಎರಡೂ ಮುಖ ಸಮೇತ.

ಉರಿಗಾಂ ಮೊಮ್ಮಗಳು (ಕೆಜಿಎಫ್)

ತಮ್ಮ ಹೇಳೋದರಲ್ಲಿ ಬಲ ಇದೆ. ಆದರೂ ನಾನು ಮೇಷ್ಟ್ರ ಆನೆಯ ಪರ. ಯಾಕೆ ಅಂದ್ರೆ ಅದು ಹುಟ್ಟಿದ್ದೇ ನಮ್ಮ ಕೋಲಾರದಲ್ಲಿ. ಗಂಗರು "ಕುವಳಾಲಪುರವರೇಶ್ವರ" ಅಂತ ಹೇಳಿಕೊಳ್ಳುತ್ತಿದ್ದರು, ಕುವಳಾಲ ಅಂದ್ರೆ ಕೋಲಾರ. ಅವರ ಲಾಂಛನ ಮದಗಜ. ಗಂಗರದ್ದೆಂದು ಗುರುತಿಸುವ ಚಿನ್ನದ ನಾಣ್ಯಗಳ ಮೇಲೆ ಆನೆ, ಹಿಂದೆ ಹೂಬಳ್ಳಿ. ಆಮೇಲೆ ಟಿಪ್ಪು ತಾಮ್ರದ ನಾಣ್ಯಗಳ ಮೇಲೆ ಆನೆ ನಡೆಸಿದರು. ಟಿಪ್ಪು ಹೋದಮೇಲೆ ಮುಮ್ಮಡಿಯವರು ಆನೆ ಬಿಡಲಿಲ್ಲ, ಅದರ ಮೇಲೆ ಸೂರ್ಯ ಚಂದ್ರ "ಶ್ರೀ" ಇಟ್ಟರು. ತಮ್ಮಾ, ನಿನ್ನ ಶಿವ ಪಾರ್ವತಿಯರ ಹಾಗೆ ಆನೆಯೂ ಕೈಯಿಂದ ಕೈಗೆ ಬಂದದ್ದೇ.

ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿ ಅದು. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. "ಅಷ್ಟು ಚಿನ್ನ ತೆಗೆದ್ವಿ, ಒಂದು ಕಾಸಿನ ಮೇಲೂ ಕೋಲಾರ ಅಂತ ಬರೀಲಿಲ್ಲ" ಅನ್ನೋರು. ಕೋಲಾರದ ಆನೆ, ಕೆಳಗೆ ಕನ್ನಡದಲ್ಲಿ ಕುವಳಾಲ. ಅವರ ಆಸೆ ಅಷ್ಟೇ ಇತ್ತು.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಅಕ್ಕ, ನಿಮ್ಮ ತಾತನ ಮಾತು ಓದಿದ ರಾತ್ರಿಯೇ ಬರೆಯಲು ಕೂತೆ. ಗಂಗರ ಆನೆಯ ಮೈಕಟ್ಟು, ಮಯಿಲಿ ಕಾಸಿನ ಸೂರ್ಯ ಚಂದ್ರ, ಹಿಂದಿನ ಬದಿಗೆ ಹೊಯ್ಸಳ ನಾಣ್ಯದಂತೆ ಮೂರು ಸಾಲು ಕನ್ನಡ. ಮೂರನ್ನೂ ಬೆರೆಸಿದರೆ ಕಲಸುಮೇಲೋಗರ ಆಗುತ್ತದೆ ಎಂದು ಎರಡು ಸಲ ಅಳಿಸಿದೆ. ಈಗ ಆನೆ ಒಂದನ್ನೇ ಉಳಿಸಿಕೊಂಡಿದ್ದೇನೆ. ಇಂದಿನ ಇಸವಿಯನ್ನು ಕನ್ನಡ ಅಂಕಿಯಲ್ಲಿ ಕಾಲ ಬಳಿ ಇಡುವ ಯೋಚನೆ, ಹಳೆ ಕಾಸಿನ ೨೦ ಇದ್ದ ಹಾಗೆ. ಒರೆಗಲ್ಲು ಅಣ್ಣ ಹೇಳಿದ ಷರತ್ತೂ ಪಾಲಿಸಿದಂತಾಗುತ್ತದೆ.

ಆದರೆ ಒಂದು ಕಡೆ ನಿಂತಿದ್ದೇನೆ. ಫೋಟೋಗಳಲ್ಲಿ ಆನೆಯ ಹಿಂಭಾಗ ಸರಿಯಾಗಿ ಕಾಣುತ್ತಿಲ್ಲ. ಬಾಲ ಇಳಿಬಿಟ್ಟಿದೆಯೋ, ಎತ್ತಿದೆಯೋ? ನಡೆಯುವ ಆನೆಗೂ ನಿಂತ ಆನೆಗೂ ಅದರಲ್ಲೇ ವ್ಯತ್ಯಾಸ. ಮೇಷ್ಟ್ರೇ, ನಿಮ್ಮ ಕಾಸು ನೋಡಿ ಹೇಳ್ತೀರಾ? ಅಳತೆಯೂ ಬೇಕು.

ಗೂಳೂರು ಮೇಷ್ಟ್ರು (ತುಮಕೂರು)

ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡಿದೆ ತಾಯಿ, ಬಾಲ ಇರಬೇಕಾದ ಜಾಗ ಪೂರ್ತಿ ನುಣುಪು. ಬರೀ ತಾಮ್ರ. ಇಲ್ಲ ಅಂತ ಬರೆಯಲು ಹೊರಟಿದ್ದೆ. ಮೊಮ್ಮಗಳು, ಐದನೇ ಕ್ಲಾಸು, ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದಳು. "ತಾತ, ಕೊಡಿ ಇಲ್ಲಿ" ಅಂತ ಕಾಸನ್ನು ಕಿತ್ತುಕೊಂಡು ನೋಟ್‌ಬುಕ್ಕಿನ ಹಾಳೆಯ ಕೆಳಗಿಟ್ಟು ಪೆನ್ಸಿಲ್ ಅಡ್ಡ ಹಿಡಿದು ಮೆಲ್ಲಗೆ ಉಜ್ಜಿದಳು. ಮೊದಲು ಸೊಂಡಿಲು ಬಂತು. ಆಮೇಲೆ ಚಂದ್ರ. ಕಣ್ಣಿಗೆ ಕಾಣದಿದ್ದ ಬೆನ್ನಿನ ಗೆರೆ ಬಂತು, ಅದರ ತುದಿಗೆ ಕೂದಲೆಳೆಯಷ್ಟು ಸಣ್ಣಗೆ, ಹೊರಕ್ಕೆ ಸ್ವಲ್ಪ ಬಾಗಿದ ಬಾಲ.

ಕಾಸಿನ ಅಗಲ 23 ಮಿಲಿಮೀಟರ್, ಚಪ್ಪಟೆ ಕಡೆ 22. ತೂಕವನ್ನು ದಿನಸಿ ಅಂಗಡಿ ತಕ್ಕಡಿ ನಂಬದೆ ಪರಿಚಯದ ಅಕ್ಕಸಾಲಿಗರ ಹತ್ತಿರ ಹಾಕಿಸಿದೆ, 9 ಗ್ರಾಂಗೆ ತುಸು ಕಡಿಮೆ. ಪೆನ್ಸಿಲ್ ಹಾಳೆಯನ್ನು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಮೊಮ್ಮಗಳು ಹಾಳೆಯ ಮೂಲೆಯಲ್ಲಿ ತಾನೇ "ಆನೆ ನಡೀತಾ ಇದೆ" ಎಂದು ಬರೆದಿದ್ದಾಳೆ.